ಇನ್ನೂ ಬಾರದ ದೊರೆ

ಓಲ್ಶಾ ಪಟ್ಟಣದಲ್ಲಿ ದೊಬ್ರೊನೇಗಮ್ಮನ ಮನೆತನವೆಂದರೆ ಸಾಮಾನ್ಯದ್ದಲ್ಲ. ಉತ್ತರದ ರುಸ್ ನಾಡಿನ ಆ ಹೊಳೆದಂಡೆಯಲ್ಲಿ ಮರದ ಕೋಟೆ ಎದ್ದ ಕಾಲದಿಂದಲೂ, ಹೊಸ ದೊರೆಗೆ ಊರ ಬಾಗಿಲಲ್ಲಿ ರೊಟ್ಟಿ ಉಪ್ಪು ಕೊಟ್ಟು ಬರಮಾಡಿಕೊಳ್ಳುವ ಹಕ್ಕು ಆ ಮನೆಯ ಹೆಂಗಸರದೇ. ಮುತ್ತಜ್ಜಿ ಕೊಟ್ಟಿದ್ದಳು, ಅಜ್ಜಿ ಕೊಟ್ಟಿದ್ದಳು, ತಾಯಿ ಕೊಟ್ಟಿದ್ದಳು. ಅವರಲ್ಲಿ ಒಬ್ಬರೂ ತಡವಾಗಿ ಬಂದವರಲ್ಲ, ಕಲೆಯಾದ ಬಟ್ಟೆ ಹಾಸಿದವರಲ್ಲ, ಬೀದಿಯಲ್ಲಿ ದನಿ ಎತ್ತಿದವರಲ್ಲ.

ಆ ಊರಿಗೆ ತನ್ನದೇ ಆದ ರಾಜವಂಶ ಇರಲಿಲ್ಲ. ಊರವರು ಸಭೆ ಸೇರಿ, ಹೊರಗಿನ ಯಾವನಾದರೂ ರಾಜಕುಮಾರನಿಗೆ ಬಂದು ಆಳೆಂದು ಹೇಳಿ ಕಳಿಸುತ್ತಿದ್ದರು. ಅವನು ಬಾಗಿಲಲ್ಲಿ ಕುದುರೆ ಇಳಿದು, ರೊಟ್ಟಿ ಮುರಿದು, ಉಪ್ಪಿಗೆ ಅದ್ದಿ ತಿಂದರೆ ದೊರೆ ಬಂದನೆಂದು ಅರ್ಥ.

ಈ ಸಲ ಕರೆಸಿಕೊಂಡದ್ದು ರೋಸ್ತಿಬೋರ್ ಎಂಬವನನ್ನು. ಅವನು ಕುದುರೆ ಇಳಿಯಲಿಲ್ಲ. ತನ್ನ ಪೂರ್ವಜರು ಕಡಲಾಚೆಯಿಂದ ಬಂದವರು, ನಿಮ್ಮ ಹಿರಿಯರೆಲ್ಲ ಒಬ್ಬರ ಜುಟ್ಟು ಒಬ್ಬರು ಹಿಡಿದು ಕಿತ್ತಾಡುತ್ತಿದ್ದಾಗ ಕೈಮುಗಿದು ಕರೆದದ್ದಕ್ಕೆ ಬಂದವರು ಎಂದು ಮೀಸೆ ತಿರುವುತ್ತ ಹೇಳಿದ. ಆಮೇಲೆ ದೊಬ್ರೊನೇಗಮ್ಮ ಹಿಡಿದಿದ್ದ ತಟ್ಟೆಯನ್ನು ಚಾವಟಿಯ ತುದಿಯಿಂದ ತಳ್ಳಿದ. ರೊಟ್ಟಿ ಕೆಸರಿಗೆ ಉರುಳಿತು. ಹಂದಿಯೊಂದು ಅದನ್ನು ಕಚ್ಚಿಕೊಂಡು ಓಡಿತು.

"ಮುದುಕಿ, ನಿನ್ನ ರೊಟ್ಟಿ ತಿನ್ನದಿದ್ದರೆ ನನ್ನ ದೊರೆತನಕ್ಕೆ ಏನು ಕೊರತೆ?" ಎಂದು ಕೇಳಿದ. "ನಾಳೆಯೊಳಗೆ ತೋರಿಸು. ಆಗದಿದ್ದರೆ ನಿನ್ನ ಮನೆಯವರು ಇನ್ನು ಈ ಬಾಗಿಲಲ್ಲಿ ನಿಲ್ಲುವ ಹಾಗಿಲ್ಲ."

ದೊಬ್ರೊನೇಗಮ್ಮನ ಕಿವಿ ಕೆಂಪಾಯಿತು. ಆದರೆ ಬೆನ್ನು ಬಾಗಲಿಲ್ಲ. "ಆಗಲಿ, ತೋರಿಸುತ್ತೇನೆ" ಎಂದಷ್ಟೇ ಹೇಳಿ, ತಟ್ಟೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ, ಪೇಟೆಯ ದಾರಿಯಿಂದ ಮನೆಗೆ ನಡೆದಳು. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳಿದಳು. ಕೇಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ರೋಸ್ತಿಬೋರ್ ದಾರಿಯ ದಣಿವು ಕಳೆಯಲು ಮೊದಲು ಹಬೆಮನೆಗೆ ಹೋದ. ಬಟ್ಟೆ ಕಳಚಿ ಹಲಗೆಯ ಮೇಲೆ ಕುಳಿತ. ಹಬೆ ಬರಲಿಲ್ಲ. ಹಬೆಮನೆಯ ಆಳು ತ್ವೆರ್ಡಿಲಾ ನೀರಿನ ಸೌಟು ಹಿಡಿದು, ಕಾದ ಕಲ್ಲುಗಳ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ.

"ನೀರು ಹಾಕೋ."

"ಹಾಕುತ್ತೇನೆ ಸ್ವಾಮಿ. ದೊರೆಗಳು ಬಂದ ಕೂಡಲೇ."

"ನಾನೇ ದೊರೆ."

ತ್ವೆರ್ಡಿಲಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಬಟ್ಟೆ ಇಲ್ಲದ ಮೈಮೇಲೆ ದೊರೆತನದ ಗುರುತು ಯಾವುದೂ ಕಾಣಿಸಲಿಲ್ಲ. "ರೊಟ್ಟಿ ತಿಂದಿರಾ?" ಎಂದು ವಿನಯದಿಂದಲೇ ಕೇಳಿದ.

ಹಲ್ಲು ಕಟಕಟ ಎನ್ನುತ್ತ ಅರಮನೆಗೆ ಬಂದರೆ ಅಡುಗೆಮನೆಯಲ್ಲಿ ಒಲೆ ಉರಿದಿರಲಿಲ್ಲ. ಬಾತುಗಳು ಗರಿಸಮೇತ ಓಡಾಡುತ್ತಿದ್ದವು. ದೊರೆಗಳು ಬಂದರೆ ಅರೆಗಳಿಗೆಯಲ್ಲಿ ಹುರಿದು ಬಡಿಸುವುದಾಗಿ ಅಡುಗೆಯವರು ಭರವಸೆ ಕೊಟ್ಟರು. ಅಷ್ಟರಲ್ಲಿ ಒಂದು ಹಸುವಿಗಾಗಿ ಜಗಳವಾಡುತ್ತಿದ್ದ ಇಬ್ಬರು ನ್ಯಾಯ ಕೇಳಲು ಬಂದರು. ರೋಸ್ತಿಬೋರ್‌ಗೆ ಜೀವ ಬಂದಂತಾಯಿತು. ಹಸಿದ ಹೊಟ್ಟೆಯಲ್ಲೇ ಎರಡೂ ಕಡೆಯ ಮಾತು ಕೇಳಿ, ಹಸು ಕರಿ ಗಡ್ಡದವನದೆಂದು ತೀರ್ಪು ಕೊಟ್ಟ. ಇಬ್ಬರೂ ತಲೆದೂಗಿದರು. ಒಳ್ಳೆಯ ಅಭಿಪ್ರಾಯ, ದೊರೆಗಳು ಬಂದಾಗ ಅವರಿಗೂ ತಿಳಿಸುತ್ತೇವೆ ಎಂದು ಹೇಳಿ ಹಸು ಹೊಡೆದುಕೊಂಡು ಹೋದರು.

ಪೇಟೆಯಲ್ಲಂತೂ ಊರಿಗೆ ಊರೇ ನಗುತ್ತಿತ್ತು. ಮೀನು ಮಾರುವವಳೊಬ್ಬಳು, ರೊಟ್ಟಿ ತಿಂದದ್ದು ಹಂದಿಯಲ್ಲವೇ, ಪಟ್ಟಕ್ಕೆ ಅದನ್ನೇ ಕೂರಿಸೋಣ ಎಂದಳು. ದೊಬ್ರೊನೇಗಮ್ಮ ಅವಳನ್ನು ಒಮ್ಮೆ ದಿಟ್ಟಿಸಿದಳು. "ಅಂಥ ಮಾತು ಬೇಡ. ಅದು ಉಪ್ಪಿಗೆ ಅದ್ದಿ ತಿನ್ನಲಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ರೋಸ್ತಿಬೋರ್‌ನ ಅಂಗರಕ್ಷಕರ ನಾಯಕ ಗುನ್ನಾರ್ ಮುಂದೆ ಬಂದು ನಿಂತ. ಅವನ ಜೊತೆಗೇ ಬಂದ ಕಡಲಾಚೆಯ ಆಳು, ಕರಡಿಯಂಥ ಮೈಯವನು. ತಲೆ ತಗ್ಗಿಸಿ, ಹುಡುಗರು ನಿನ್ನೆಯಿಂದ ಏನೂ ತಿಂದಿಲ್ಲವೆಂದ. ಆಮೇಲೆ ಸಂಕೋಚದಿಂದ ಕೇಳಿದ: "ನಮ್ಮ ದೊರೆಗಳು ಯಾವಾಗ ಬರುತ್ತಾರಂತೆ, ಸ್ವಾಮಿ?"

ಅಷ್ಟಾದ ಮೇಲೆ ರೋಸ್ತಿಬೋರ್ ನೆಟ್ಟಗೆ ದೊಬ್ರೊನೇಗಮ್ಮನ ಮನೆಗೆ ಓಡಿದ. ರೊಟ್ಟಿ ಕೊಡು ಎಂದ. ಆಕೆ ಕೊಡಲಿಲ್ಲ. ರೊಟ್ಟಿ ಉಪ್ಪು ಇರುವುದು ಬಾಗಿಲೊಳಗೆ ಬರುವವರಿಗೆ, ಆಗಲೇ ಒಳಗಿರುವವರಿಗಲ್ಲ ಎಂದು ಶಾಂತವಾಗಿ ತಿಳಿಸಿದಳು.

"ನಿಮ್ಮ ಹಿರಿಯರೇ ನಮ್ಮವರನ್ನು ಬನ್ನಿ ಅಂದರಲ್ಲ" ಎಂದು ಅವನು ಗೊಣಗಿದ.

"ಅಂದರು. ನಿಮ್ಮ ಹಿರಿಯರು ಬಂದರು. ನೀವು ಇನ್ನೂ ಬಂದಿಲ್ಲ."

ಬೇರೆ ದಾರಿ ಇರಲಿಲ್ಲ. ರೋಸ್ತಿಬೋರ್ ಕೋಟೆಯ ಹೊರಗೆ ಹೋದ. ಬಾಗಿಲು ಮುಚ್ಚಿಕೊಂಡಿತು, ಮತ್ತೆ ತೆರೆಯಿತು. ಈ ಸಲ ಅವನು ಕುದುರೆ ಇಳಿದೇ ನಡೆದು ಬಂದ. ಎದುರಿಗೆ ಹೊಸ ಬಟ್ಟೆ ಹಾಸಿದ ತಟ್ಟೆ, ಅದರ ಮೇಲೆ ಹಬೆಯಾಡುವ ರೊಟ್ಟಿ. ಆ ವಾಸನೆಗೆ ಅವನ ಮೀಸೆಯೇ ನಡುಗಿತು. ಹಿಂದೆ ಊರೆಲ್ಲ ನಿಂತಿತ್ತು. ಅವನು ಕೈ ಚಾಚಿದ. ದೊಬ್ರೊನೇಗಮ್ಮ ತಟ್ಟೆಯನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡಳು.

"ನಿನ್ನೆ ಇಲ್ಲಿಗೆ ಒಬ್ಬ ಬಂದಿದ್ದ, ಸ್ವಾಮಿ. ರೊಟ್ಟಿಯನ್ನು ಕೆಸರಿಗೆ ತಳ್ಳಿದ. ನನ್ನನ್ನು ಮುದುಕಿ ಅಂದ."

ರೋಸ್ತಿಬೋರ್ ದಡ್ಡನೇನಲ್ಲ. ಊರವರ ಮುಖ ನೋಡಿದ, ರೊಟ್ಟಿ ನೋಡಿದ. ತಪ್ಪಿಸಿಕೊಳ್ಳಲು ಸಂದು ಸಿಕ್ಕಿತೆಂದು ಹೊಟ್ಟೆ ಹಿಡಿದು ನಗತೊಡಗಿದ. ಅವನೊಬ್ಬ ಶುದ್ಧ ಮೂರ್ಖನಿರಬೇಕು, ತಾನು ಇದ್ದಿದ್ದರೆ ಚಾವಟಿಯಿಂದ ಬಾರಿಸುತ್ತಿದ್ದೆ ಎಂದ. ಇನ್ನು ಈ ಬಾಗಿಲು ಎಂದೆಂದಿಗೂ ನಿಮ್ಮ ಮನೆಯದೇ ಎಂದೂ ಎಲ್ಲರೆದುರು ಸಾರಿದ. ಊರು ಚಪ್ಪಾಳೆ ತಟ್ಟಿತು.

"ಆ ಮೂರ್ಖನ ಪರವಾಗಿ ನಾನು ಕ್ಷಮೆ ಕೇಳುತ್ತೇನೆ, ತಾಯಿ. ಸಾಕೇ?" ಎಂದು ರೊಟ್ಟಿಗೆ ಮತ್ತೆ ಕೈ ಚಾಚಿದ.

ದೊಬ್ರೊನೇಗಮ್ಮ ನಗಲಿಲ್ಲ. ತಟ್ಟೆಯೂ ಮುಂದೆ ಬರಲಿಲ್ಲ.

"ಅವನ ಪರವಾಗಿ ಬೇಡ. ನಿಮ್ಮ ಪರವಾಗಿ ಕ್ಷಮೆ ಕೇಳಿ."