ಹಳ್ಳದಾಚೆಯ ನೀರು

ವಾರ್ಡುಗಳ ಗಡಿ ಬದಲಿಸಲು ಬಂದ ಸಾಹೇಬರು ನಕಾಶೆಯ ಮೇಲೊಂದು ಗೆರೆ ಎಳೆದು, ಮೂರನೇ ವಾರ್ಡಿನಲ್ಲಿದ್ದ ಕುಂಬಾರಗೇರಿಯನ್ನು ಹಳ್ಳದಾಚೆಯ ನಾಲ್ಕನೇ ವಾರ್ಡಿಗೆ ಸೇರಿಸಿದರು. ಹಳ್ಳ ತುಂಬಿದರೆ ಓಟು ಹಾಕಲೂ ಆಗದು, ಮೆಂಬರನ್ನು ಕಾಣಲೂ ಆಗದು ಎಂದು ಕೇರಿಯವರು ತಕರಾರು ಅರ್ಜಿ ಕೊಟ್ಟರು. ಸಾಹೇಬರು ಅದನ್ನು ವಾಪಸು ತಳ್ಳಿದರು.

"ಹಳ್ಳಗಿಳ್ಳ ನನಗೆ ಗೊತ್ತಿಲ್ಲ. ಇನ್ಮೇಲೆ ಎಲ್ಲಾ ನಕಾಶೆಯಂತೆಯೇ ನಡೀಬೇಕು."

"ಎಲ್ಲಾನೂ ಅಂದ್ರೆ ಎಲ್ಲಾನೂನಾ ಸ್ವಾಮಿ?" ಎಂದು ಕೇಳಿದ, ಊರಿಗೆ ನೀರು ಬಿಡುವ, ಅದೇ ಕೇರಿಯ ನೀರುಗಂಟಿ.

"ಎಲ್ಲಾನೂ."

ಮರುದಿನ ಬೆಳಿಗ್ಗೆ ಸಾಹೇಬರು ಕೇರಿಯ ಪಕ್ಕದ ಪ್ರವಾಸಿ ಮಂದಿರದಲ್ಲಿ ಮೈತುಂಬ ಸೋಪು ಹಚ್ಚಿಕೊಂಡರು. ನಲ್ಲಿ ನಿಂತುಹೋಯಿತು. ಟವೆಲು ಸುತ್ತಿಕೊಂಡು ಹೊರಗೆ ಬಂದರೆ, ನೀರುಗಂಟಿ ಒಂದು ಕೈಯಲ್ಲಿ ಖಾಲಿ ಬಿಂದಿಗೆ, ಇನ್ನೊಂದರಲ್ಲಿ ವಾಪಸಾದ ಅರ್ಜಿ ಹಿಡಿದು ನಿಂತಿದ್ದ.

"ನೀರೆಲ್ಲಯ್ಯಾ?"

"ಈ ಪೈಪು ಮೂರನೇ ವಾರ್ಡಿಂದು ಸ್ವಾಮಿ. ನಕಾಶೇಲಿ ಈ ಬಂಗಲೆಯೂ ನಾಲ್ಕಕ್ಕೆ ಹೋಗಿದೆ. ನಿಮ್ಮ ನೀರು ಹಳ್ಳದಾಚೆ ಬರ್ತಿದೆ. ಬಿಂದಿಗೆ ತಗೊಳ್ಳಿ."

"ಈ ಅವತಾರದಲ್ಲಿ ಹಳ್ಳ ದಾಟೋದು ಹೇಗಯ್ಯಾ?"

"ನಾವೂ ಅರ್ಜೀಲಿ ಅದನ್ನೇ ಕೇಳಿದ್ದು."

ಸೋಪು ಕಣ್ಣಿಗಿಳಿಯಿತು. ಸಾಹೇಬರು ಅರ್ಜಿಗಾಗಿ ಕೈ ಚಾಚಿದರು.

ನೀರುಗಂಟಿ ಪೆನ್ನನ್ನೂ ಕೊಟ್ಟ. "ಕೊನೇಲಿ ಒಂದು ಸಹಿಗೆ ಜಾಗ ಇದೆ ಸ್ವಾಮಿ. ಈಗ ನೀವೂ ನಮ್ಮ ಕೇರಿಯವರೇ ಅಲ್ವಾ?"