ಏಡಿಯ ಬಿಲದ ಸುತ್ತ ಮರಳಿನ ಉಂಡೆ

ಲೋಕ ಇನ್ನೂ ಹೊಸದಾಗಿತ್ತು, ಮಗಾ. ಕಡಲಿಗೆ ಉಪ್ಪು ಹತ್ತಿ ಹೆಚ್ಚು ದಿನವಾಗಿರಲಿಲ್ಲ. ಆಗ ದಂಡೆಯ ಮೇಲೆ ಸೋಮಿ ಎಂಬ ಹೆಂಗಸು ಇದ್ದಳು. ಬಿದ್ದದ್ದನ್ನೆಲ್ಲ ಆರಿಸಿ ಸರ ಮಾಡುವುದೇ ಅವಳ ಕೆಲಸ. ಹರಿದ ಬಲೆಯ ದಾರ, ಕರಟದ ಚೂರು, ಮೀನಿನ ಮೂಳೆ, ಗುಲಗಂಜಿ. ಯಾರು ಕೇಳಿದರೂ ಪೋಣಿಸಿಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಪುಟ್ಟ ಏಡಿಗೂ ಒಂದು ಸರ ಸಿಕ್ಕಿತು. ಸಾಸಿವೆಯಷ್ಟು ಸಣ್ಣ ಗುಲಾಬಿ ಚಿಪ್ಪುಗಳ ಸರ. ಏಡಿ ಹಾಕಿಕೊಂಡಿತು, ನೀರಿನಲ್ಲಿ ನೋಡಿಕೊಂಡಿತು. ಆಮೇಲೆ ಅದಕ್ಕೆ ಗುಮಾನಿ ಬಂತು.

“ಸೋಮಕ್ಕ ಇದನ್ನು ಸುಮ್ಮನೆ ಯಾಕೆ ಕೊಟ್ಟಳು?”

“ಸರ ಚೆಂದ ಇದೆಯಲ್ಲ!” ಎಂದಿತು ಗಾಳಿ. ಗಾಳಿ ಯಾಕೆ ಹೊಗಳುತ್ತಿದೆ? ಏಡಿಗೆ ಗುಮಾನಿ.

“ಎಲ್ಲಿ, ತೋರಿಸು,” ಎಂದಿತು ಕಡಲಹಕ್ಕಿ. ಇದು ಯಾಕೆ ಹತ್ತಿರ ಬರುತ್ತಿದೆ? ಏಡಿಗೆ ಇನ್ನೂ ಗುಮಾನಿ.

ಮಧ್ಯಾಹ್ನ ಏಡಿಗೆ ಊಟವೂ ಸೇರಲಿಲ್ಲ. “ಒಳ್ಳೆ ಚಿಪ್ಪು ಮುಂದೆ, ಒಡಕು ಚಿಪ್ಪು ಹಿಂದೆ ಹಾಕಿದ್ದರೆ? ಬೆನ್ನ ಹಿಂದಿನದು ನನಗೆ ಕಾಣುವುದಿಲ್ಲವಲ್ಲ! ನೋಡಿಯೇ ಬಿಡುತ್ತೇನೆ.”

ಇಕ್ಕುಳದಂಥ ಕೈಯಿಂದ ದಾರವನ್ನು ಕಚಕ್ಕನೆ ಕತ್ತರಿಸಿತು.

ಚಿಪ್ಪುಗಳು ಉದುರಿದವು. ಎಲ್ಲವೂ ಗುಲಾಬಿ. ಒಂದೂ ಒಡೆದಿರಲಿಲ್ಲ. ಏಡಿಗೆ ನಾಚಿಕೆಯಾಗುವಷ್ಟರಲ್ಲಿ ತೆರೆ ಬಂತು. ತೆರೆ ಹಿಂದೆ ಸರಿದಾಗ ಅಲ್ಲಿ ಬರೀ ಮರಳು.

ಏಡಿ ಗೊಳೋ ಎಂದಿತು. ಸೋಮಿ ಓಡಿ ಬಂದಳು.

“ಅಳಬೇಡ ತಮ್ಮಾ. ಇಲ್ಲೇ ಮರಳಲ್ಲಿ ಹೂತಿರ್ತವೆ. ಇಬ್ಬರೂ ಹುಡುಕುವ, ಮತ್ತೆ ಪೋಣಿಸಿಕೊಡ್ತೆ.”

ಏಡಿ ಅವಳ ಕೈ ನೋಡಿತು. ಮಡಿಲು ನೋಡಿತು.

“ಸಿಕ್ಕಿದ್ದನ್ನು ನೀನೇ ಮಡಿಲಿಗೆ ಹಾಕಿಕೊಂಡರೆ? ಬೇಡ ಸೋಮಕ್ಕ. ದೂರ ಹೋಗು.”

ಸೋಮಿಯ ಮುಖ ಸಣ್ಣದಾಯಿತು. “ಆಯ್ತಪ್ಪ,” ಎಂದಳು. ಮಡಿಲು ಕೊಡವಿ ತೋರಿಸಿ, ಹೊರಟುಹೋದಳು. ತಿರುಗಿ ನೋಡಲಿಲ್ಲ.

ಏಡಿ ಒಂಟಿಯಾಗಿ ಹುಡುಕತೊಡಗಿತು. ಚಿಟಿಕೆ ಮರಳನ್ನು ಬಾಯಿಗೆ ಹಾಕಿ ಶೋಧಿಸಿತು. ಚಿಪ್ಪಿಲ್ಲ. ನೋಡಿದ ಮರಳನ್ನೇ ಮತ್ತೆ ನೋಡಬಾರದೆಂದು ಉಂಡೆ ಕಟ್ಟಿ ಪಕ್ಕಕ್ಕಿಟ್ಟಿತು. ಇನ್ನೊಂದು ಚಿಟಿಕೆ, ಇನ್ನೊಂದು ಉಂಡೆ. ಚಿಪ್ಪು ಮಾತ್ರ ಇಲ್ಲ.

ಅಷ್ಟರಲ್ಲಿ ಕಡಲು ಉಬ್ಬಿ ಬಂದು ಉಂಡೆಗಳನ್ನೆಲ್ಲ ಅಳಿಸಿಬಿಟ್ಟಿತು. ನೋಡಿದ ಮರಳು ಯಾವುದು, ನೋಡದ್ದು ಯಾವುದು? ನೀರು ಇಳಿದ ಮೇಲೆ ಮತ್ತೆ ಮೊದಲಿನಿಂದ ಶುರು.

ಅದಕ್ಕೇ ಮಗಾ, ಇವತ್ತಿಗೂ ನೀರಿಳಿದ ದಂಡೆಯಲ್ಲಿ ಏಡಿಯ ಬಿಲದ ಸುತ್ತ ಮಣಿಮಣಿಯಾದ ಮರಳಿನ ಉಂಡೆಗಳು ಕಾಣುತ್ತವೆ. ನಾನೂ ಹುಡುಕಿಕೊಡಲಾ ಎಂದು ನೀನು ಒಂದು ಹೆಜ್ಜೆ ಮುಂದಿಟ್ಟರೂ ಸಾಕು, ಏಡಿ ಬಿಲದೊಳಗೆ ಮಾಯ.