ಹೊಳೆ ದಾಟಿಸುವ ಹಕ್ಕು

“ಮೇಷ್ಟ್ರೇ, ತಂಡ ಸೋತರೆ ಆ ಸೋಲನ್ನು ರೈಡರ್ ತಲೆಗೆ ಕಟ್ಟುವುದು ನ್ಯಾಯವೋ ಅಲ್ಲವೋ? ಒಂದೇ ಮಾತಿನಲ್ಲಿ ಹೇಳಿಬಿಡಿ.”

ಜವರೇಶ ನಿಂತುಕೊಂಡೇ ಕೇಳಿದ. ಅವನು ತಾಲ್ಲೂಕು ಕಬಡ್ಡಿ ತಂಡದ ತರಬೇತುದಾರ; ತಂಡಕ್ಕೆ ಆಟಗಾರರನ್ನು ಆರಿಸುವವನೂ ಅವನೇ. ಅವನಿಗೆ ಆಟ ಕಲಿಸಿದವರು ಚಿಕ್ಕತಮ್ಮಯ್ಯ ಮೇಷ್ಟ್ರು. ಈ ಸಲ ಜಿಲ್ಲಾ ತಂಡದ ಆಯ್ಕೆ ಸಮಿತಿಯಲ್ಲಿ ಅವನಿಗೂ ಒಂದು ಕುರ್ಚಿ ಸಿಕ್ಕಿತ್ತು. ರೈಡರ್ ಜಾಗ ಒಂದೇ ಉಳಿದಿತ್ತು, ಅದಕ್ಕೆ ಇಬ್ಬರಿದ್ದರು. ಒಬ್ಬ ಪಕ್ಕದ ತಾಲ್ಲೂಕಿನವನು. ಅವನ ತಂಡ ಸೋತದ್ದೇ ಇಲ್ಲ. ಇನ್ನೊಬ್ಬ ಜವರೇಶನ ತಂಡದವನೇ ಆದ ಕೆಂಪರಾಜು; ಆ ತಂಡ ಈ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮುಂದಿನ ವರ್ಷಕ್ಕೆ ಕೆಂಪರಾಜುವಿನ ವಯಸ್ಸು ಮೀರುತ್ತದೆ. ಈಗ ಕೈಬಿಟ್ಟರೆ ಅವನು ಜಿಲ್ಲೆಯ ಪರವಾಗಿ ಅಂಕಣಕ್ಕೆ ಇಳಿಯುವುದು ಇನ್ನು ಆಗದ ಮಾತು.

“ಹುಡುಗ ಹೇಗೆ ಆಡಿದ?” ಮೇಷ್ಟ್ರು ಕೇಳಿದರು.

“ಆಡುವುದೇನೋ ಚೆನ್ನಾಗಿಯೇ ಆಡುತ್ತಾನೆ. ರೈಡಿಗೆ ಹೋದಾಗಲೆಲ್ಲ ಪಾಯಿಂಟ್ ತರುತ್ತಾನೆ. ತಂದು ಏನು ಬಂತು? ಗೆಲ್ಲಿಸಲಿಲ್ಲವಲ್ಲ! ಸೋತು ಸೋತು ನಾನು ಊರಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಅವನ ಮುಖ ಕಂಡರೆ ಮೈ ಉರಿಯುತ್ತದೆ.”

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. “ಕೂತ್ಕೊಳ್ಳೋ,” ಎಂದು ಗದರಿದರು. ಜವರೇಶ ಕೂತ. ಬೈಗುಳ ಬರುತ್ತದೆ ಅಂದುಕೊಂಡಿದ್ದ. ಬಂದದ್ದು ಕತೆ.

ಒಂದು ಹೊಳೆ, ಅದರ ದಡದಲ್ಲಿ ಒಂದು ಊರು. ಸೇತುವೆ ಇಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ಊರ ದೋಣಿಯೇ ಗತಿ. ಆ ದೋಣಿಗೆ ಅಂಬಿಗನನ್ನು ಆರಿಸಲು ಆ ಊರಿನ ಮಹಾ ಬುದ್ಧಿವಂತರು ಒಂದು ಪದ್ಧತಿ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ ಮೇಲುಕೇರಿಗೂ ಕೆಳಕೇರಿಗೂ ದೋಣಿ ಪಂದ್ಯ. ಒಂದೊಂದು ದೋಣಿಯಲ್ಲೂ ಹುಟ್ಟು ಹಾಕುವವರು ಹತ್ತು ಜನ, ಹಿಂದೆ ನಿಂತು ಚುಕ್ಕಾಣಿ ಹಿಡಿಯುವವನು ಒಬ್ಬ. ಯಾವ ದೋಣಿ ಗೆಲ್ಲುತ್ತದೋ ಅದರ ಚುಕ್ಕಾಣಿಯವನಿಗೆ ವರ್ಷಪೂರ್ತಿ ಊರನ್ನು ಹೊಳೆ ದಾಟಿಸುವ ಹಕ್ಕು. ಹುಟ್ಟು ಹಾಕಿದವರ ಸುದ್ದಿ ಯಾರಿಗೂ ಬೇಡ.

ಪಂದ್ಯದ ಎರಡು ದೋಣಿಗಳೂ ಊರ ಯಜಮಾನನವು. ಯಾರು ಯಾವ ದೋಣಿಗೆ ಅನ್ನುವುದನ್ನು ಹೇಳುವವನೂ ಅವನೇ. ಅವನು ಮೇಲುಕೇರಿಯವನು. ಕಟ್ಟುಮಸ್ತಾದ ಆಳುಗಳನ್ನೆಲ್ಲ ತನ್ನ ಕೇರಿಯ ದೋಣಿಗೆ ಹಾಕಿಕೊಳ್ಳುತ್ತಿದ್ದ. ಕೆಳಕೇರಿಯ ದೋಣಿಗೆ ಅಳಿದುಳಿದವರು. ಅದರಲ್ಲಿ ಮುದುಕರು, ಜ್ವರದಿಂದ ಎದ್ದು ಬಂದವರು, ಹುಟ್ಟನ್ನು ಸೌಟಿನ ಹಾಗೆ ಹಿಡಿಯುವವರು. ಆ ದೋಣಿಯ ತಳವೂ ಸೋರುತ್ತಿತ್ತು.

ಕೆಳಕೇರಿಯ ಚುಕ್ಕಾಣಿಯವನು ಆ ಸೋರುವ ದೋಣಿಯನ್ನು ಒಂದು ಬಂಡೆಗೂ ತಾಗಿಸದೆ ನೆಟ್ಟಗೆ ತರುತ್ತಿದ್ದ, ಸೋಲುತ್ತಿದ್ದ. ಮೇಲುಕೇರಿಯವನು ಚುಕ್ಕಾಣಿ ಹಿಡಿದರೆ ದೋಣಿ ಅತ್ತ ಇತ್ತ ವಾಲಾಡುತ್ತಿತ್ತು. ಹತ್ತು ಜನ ರಟ್ಟೆ ಮುರಿದು ಅದನ್ನು ಎಳೆದು ತರುತ್ತಿದ್ದರು. ಹಾರ ಮಾತ್ರ ಅವನ ಕೊರಳಿಗೆ. ಅವನೇನು ಕೆಟ್ಟವನಲ್ಲ. ಹಾರ ಹಾಕಿಸಿಕೊಂಡು ಹಾಕಿಸಿಕೊಂಡು, ಗೆಲ್ಲಿಸಿದ್ದು ತಾನೇ ಅಂತ ಅವನಿಗೂ ನಂಬಿಕೆ ಬಂದುಬಿಟ್ಟಿತ್ತು.

ಸೋತವನು ಒಮ್ಮೆ ಯಜಮಾನನ ಮನೆಗೆ ಹೋದ. “ಒಂದೇ ಒಂದು ವರ್ಷ ಆಳುಗಳನ್ನು ಅದಲು ಬದಲು ಮಾಡಿ ಕೊಡಿ. ಆಗಲೂ ಸೋತರೆ ನಾನು ಚುಕ್ಕಾಣಿ ಮುಟ್ಟುವುದಿಲ್ಲ,” ಅಂದ.

“ಸೋತವನಿಗೆ ಬಾಯಿ ಬೇರೆ! ಮೊದಲು ಗೆದ್ದು ಬಾ, ಆಮೇಲೆ ಮಾತಾಡು,” ಅಂದ ಯಜಮಾನ. ಜಗಲಿಯ ಮೇಲಿದ್ದವರೆಲ್ಲ ನಕ್ಕರು.

ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ಏರಿತು. “ಕೈಕಾಲು ಕಟ್ಟಿ ನೀರಿಗೆ ಹಾಕಿ, ಈಜಿ ಬಾ ಅನ್ನುತ್ತಾರಲ್ಲೋ! ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ!” ಅಂದರು. ಜವರೇಶ ಕೂತಲ್ಲೇ ಸರಿದು ಕೂತ.

ಮಳೆಗಾಲ ಬಂತು, ಹೊಳೆ ತುಂಬಿತು. ಹಾರ ಹಾಕಿಸಿಕೊಂಡಿದ್ದ ಅಂಬಿಗ ದೋಣಿ ತುಂಬ ಜನರನ್ನು ಹತ್ತಿಸಿಕೊಂಡು ಹೊರಟ. ಸೋತವನೂ ಆಚೆ ದಡದಲ್ಲಿ ಕೆಲಸವಿದೆ ಎಂದು ಅದರಲ್ಲೇ ಒಂದು ಮೂಲೆಯಲ್ಲಿ ಕೂತಿದ್ದ. ಅವತ್ತು ಹುಟ್ಟು ಹಾಕಲು ಹತ್ತು ಜನ ಇರಲಿಲ್ಲ. ಇದ್ದದ್ದು ಅಂಬಿಗನೊಬ್ಬನೇ. ನಡುಹೊಳೆಯಲ್ಲಿ ಅವನು ಗಾಬರಿಯಾಗಿ ದೋಣಿಯನ್ನು ಸೆಳವಿಗೆ ಅಡ್ಡ ತಿರುಗಿಸಿದ.

“ಅಡ್ಡ ತಿರುಗಿಸಬೇಡ! ಮೂತಿ ಸೆಳವಿಗೆ ಎದುರಾಗಿ ಹಿಡಿ!” ಸೋತವನು ಎದ್ದು ಕೂಗಿದ.

ದೋಣಿಯಲ್ಲಿದ್ದವರೇ ಅವನ ಮೇಲೆ ರೇಗಿದರು. “ಸುಮ್ಮನೆ ಕೂರಯ್ಯ! ಜನ್ಮದಲ್ಲಿ ಒಂದು ಸಲವಾದರೂ ಗೆದ್ದಿದ್ದೀಯಾ?”

ದೋಣಿ ಮಗುಚಿತು. ಸೋತವನು ಕೈಗೆ ಸಿಕ್ಕವರನ್ನೆಲ್ಲ ಎಳೆದು ದಡಕ್ಕೆ ಹಾಕಿದ. ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಸಿಗಲಿಲ್ಲ. ಮತ್ತೆ ಮತ್ತೆ ಮುಳುಗಿ ಹುಡುಕಿದ. ಕೂಸೂ ಸಿಗಲಿಲ್ಲ.

ಯಜಮಾನ ಓಡಿ ಬಂದ. ಗಡಗಡ ನಡುಗುತ್ತಿದ್ದ ಅಂಬಿಗನ ಬೆನ್ನು ಸವರಿದ. “ಅಳಬೇಡ ಕಣಪ್ಪ. ಹೊಳೆ ಈ ಪಾಟಿ ಹರಿಯುವಾಗ ಒಬ್ಬನೇ ಮನುಷ್ಯ ಏನು ತಾನೇ ಮಾಡಿಯಾನು?” ಅಂದ.

ಸೋತವನು ಒದ್ದೆ ಬಟ್ಟೆಯಲ್ಲೇ ಎದುರಿಗೆ ಬಂದು ನಿಂತ. ಹಲ್ಲು ಕಡಿದು ಕೇಳಿದ: “ಯಜಮಾನರೇ, ನಾನು ಸೋತಾಗಲೂ ನಾನು ಒಬ್ಬನೇ ಮನುಷ್ಯ ಅಲ್ಲವಾ?”

ಯಜಮಾನ ಅವನ ಮುಖ ನೋಡಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಜವರೇಶನಿಗೆ ಒಳಗೆ ಕಸಿವಿಸಿಯಾಯಿತು. ಆದರೂ ಸೋಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಊರಿನವರು ಆಡಿದ ಮಾತುಗಳು ಅವನ ಕಿವಿಯಲ್ಲೇ ಇದ್ದವು. ಯಾರಾದರೊಬ್ಬರು ಅದಕ್ಕೆ ತಲೆ ಕೊಡಲೇಬೇಕು, ಅದು ತಾನಾಗಬಾರದು ಅಂತ ಅವನಿಗೆ ಅನ್ನಿಸುತ್ತಿತ್ತು.

“ದೋಣಿಯ ಮಾತು ಬೇರೆ ಬಿಡಿ ಮೇಷ್ಟ್ರೇ,” ಅಂದ. “ಸಮಿತಿಯಲ್ಲಿ ನಾಲ್ಕು ಜನ ಕೇಳುತ್ತಾರೆ. ಕೆಂಪರಾಜುವಿನ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ ಅನ್ನುವುದು ಸುಳ್ಳಲ್ಲವಲ್ಲ? ಅದನ್ನು ಹೇಳಬೇಕೋ ಬೇಡವೋ?”

“ಧಾರಾಳವಾಗಿ ಹೇಳು,” ಅಂದರು ಮೇಷ್ಟ್ರು, “ಹಾಗೆಯೇ ಅವನ ಜೊತೆಗೆ ಉಳಿದ ಆರು ಜನರನ್ನು ಆರಿಸಿ ನಿಲ್ಲಿಸಿದವನ ಹೆಸರನ್ನೂ ಹೇಳಿ ಬಾ.”